ಏಕೆ ಕೊಟ್ಟಿರಿ ಎಂಬುದನ್ನೂ ಬರೆಯಿರಿ

ಏಷ್ಯಾದಲ್ಲಿ ಸಮಾಜಕ್ಕಾಗಿ ದುಡಿದವರಿಗೆ ಮನಿಲಾದ ಪ್ರತಿಷ್ಠಾನವೊಂದು ಕೊಡುವ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿಯ ಪಟ್ಟಿ ಹೊರಬಿದ್ದಾಗ ನಮ್ಮ ಪತ್ರಿಕೆಗಳು ಭಾರತೀಯರು ಇದ್ದಾರೆಯೇ ಎಂದು ಮೊದಲು ನೋಡುತ್ತವೆ. ನಾನು ಪ್ರತಿ ಹೆಸರಿನೊಂದಿಗೆ ಪ್ರತಿಷ್ಠಾನ ಪ್ರಕಟಿಸುವ ವಿವರವಾದ ಟಿಪ್ಪಣಿಯನ್ನು ತಪ್ಪದೆ ಓದುತ್ತೇನೆ. ಈ ವ್ಯಕ್ತಿ ಯಾವ ಅನ್ಯಾಯದ ಎದುರು ನಿಂತರು, ಅದಕ್ಕೆ ಯಾವ ದಾರಿ ಹಿಡಿದರು, ನಾವು ಇವರನ್ನೇ ಏಕೆ ಆರಿಸಿದೆವು ಎಂಬುದನ್ನು ಅಲ್ಲಿ ಸಾರ್ವಜನಿಕವಾಗಿ ಹೇಳಿರುತ್ತಾರೆ. ಆ ಪ್ರಶಸ್ತಿಯ ತೂಕವಿರುವುದು ಅದರಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

2016ರಲ್ಲಿ ಆ ಗೌರವಕ್ಕೆ ಪಾತ್ರರಾದವರಲ್ಲಿ ಇಬ್ಬರು ಭಾರತೀಯರಿದ್ದರು. ಒಬ್ಬರು ನಮ್ಮ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ, ಮಲ ಹೊರುವ ಕೆಲಸ ಮಾಡುತ್ತಿದ್ದ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್. ಇನ್ನೊಬ್ಬರು ಚೆನ್ನೈನ ಕರ್ನಾಟಕ ಸಂಗೀತಗಾರ ಟಿ.ಎಂ. ಕೃಷ್ಣ. ಕೆ.ಜಿ.ಎಫ್.ನ ಕಾರ್ಮಿಕರ ಕಾಲೊನಿಗಳಲ್ಲಿ ನೀರಿಲ್ಲದ ಸಾಲು ಕಕ್ಕಸುಗಳಿದ್ದವು. ಅಲ್ಲಿಂದ ಬಕೆಟ್‌ಗಳಲ್ಲಿ ತಂದ ಮಲವನ್ನು ಗುಂಡಿಗೆ ಸುರಿಯುವಾಗ ಬಕೆಟ್ ಒಳಗೆ ಜಾರಿಬಿದ್ದರೆ, ಕೆಲಸಗಾರ ಬರಿಗೈಯನ್ನೇ ಅದರೊಳಗೆ ಇಳಿಸಿ ಎತ್ತಬೇಕಾಗಿತ್ತು. ಆ ದೃಶ್ಯ ತಮ್ಮನ್ನು ಹೇಗೆ ಕಲಕಿತು ಎಂಬುದನ್ನು ವಿಲ್ಸನ್ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. 1986ರಿಂದ ಅವರು ಗಣಿ ಆಡಳಿತಕ್ಕೆ, ಮುಖ್ಯಮಂತ್ರಿಗೆ, ಪ್ರಧಾನಮಂತ್ರಿಗೆ ಪತ್ರ ಬರೆಯುತ್ತ ಹೋದರು. 1993ರಲ್ಲಿ ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಬಂದರೂ ಅದು ಕಾಗದದಲ್ಲಿಯೇ ಉಳಿದಾಗ, ವಿಲ್ಸನ್ ಸಂಗಡಿಗರೊಂದಿಗೆ ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನವು 2003ರಲ್ಲಿ ಸುಪ್ರೀಂ ಕೋರ್ಟ್‌ನ ಮೆಟ್ಟಿಲೇರಿತು. ಆ ಮೊಕದ್ದಮೆಯ ತೀರ್ಪು ಬಂದದ್ದು 2014ರ ಮಾರ್ಚ್‌ನಲ್ಲಿ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ತಲಾ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ನ್ಯಾಯಾಲಯ ಹೇಳಿತು. ಪ್ರಶಸ್ತಿ ಬಂದ ಏಳು ವರ್ಷಗಳ ನಂತರ, 2023ರಲ್ಲಿ, ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಬೇಕಾಯಿತು ಎಂದರೆ, ಮ್ಯಾನ್‌ಹೋಲ್‌ಗೆ ಮನುಷ್ಯರನ್ನು ಇಳಿಸುವುದು ಆಗಲೂ ನಿಂತಿರಲಿಲ್ಲ ಎಂದೇ ಅರ್ಥ. ಮುಗಿದುಹೋದ ಸಾಧನೆಗೆ ಶಾಲು ಹೊದಿಸುವುದಕ್ಕಿಂತ, ಮುಗಿಯದ ಹೋರಾಟದ ನಡುವಿರುವವರನ್ನು ಗುರುತಿಸುವುದು ಹೆಚ್ಚು ಬೆಲೆಯುಳ್ಳದ್ದು.

ಕೃಷ್ಣ ಅವರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಕೇವಲ ವಿದ್ವತ್ತಿಗಾಗಿ ಅಲ್ಲ. ಸಂಗೀತ ಸಭಾಗಳಲ್ಲಿ ಮೇಲ್ಜಾತಿಯವರ ನಡುವೆಯೇ ಸುತ್ತುತ್ತಿದ್ದ ಸಂಗೀತವನ್ನು ಅವರು ಚೆನ್ನೈನ ಊರೂರು ಆಲ್ಕಾಟ್ ಕುಪ್ಪಂ ಎಂಬ ಮೀನುಗಾರರ ಹಳ್ಳಿಗೆ ಕೊಂಡೊಯ್ದರು, ಡಿಸೆಂಬರ್ ಸಂಗೀತೋತ್ಸವದಲ್ಲಿ ಹಾಡುವುದನ್ನು 2015ರಲ್ಲಿ ಬಿಟ್ಟರು, ನಮ್ಮ ಉತ್ತರ ಕರ್ನಾಟಕದ ಯಲ್ಲಮ್ಮನ ಜೋಗಪ್ಪಂದಿರೊಂದಿಗೆ ಒಂದೇ ವೇದಿಕೆಯಲ್ಲಿ ಕುಳಿತು ಹಾಡಿದರು. ಚೌಡಿಕೆ ಎಂಬ ತಂತಿವಾದ್ಯ ಹಿಡಿದು ಮನೆಮನೆಯ ಮುಂದೆ ಹಾಡುವ ಜೋಗಪ್ಪಂದಿರನ್ನು ಗಾಯಕರೆಂದು ನಾವೇ ಎಷ್ಟು ಮಂದಿ ಎಣಿಸಿದ್ದೇವೆ? ಕಲಾವಿದ ಮತ್ತು ಹೋರಾಟಗಾರ ಎಂಬ ಎರಡು ಪ್ರತ್ಯೇಕ ಪಂಕ್ತಿಗಳನ್ನು ಹಾಕದೆ, ಜಾತಿಯ ಗೋಡೆಯನ್ನು ಬೇರೆ ಬೇರೆ ಕಡೆಯಿಂದ ಕೆಡಹುತ್ತಿದ್ದ ಇಬ್ಬರನ್ನು ಒಂದೇ ವರ್ಷ ಗೌರವಿಸಿದ್ದು ನನಗೆ ಬಹಳ ಸರಿಯೆನಿಸಿತು. 1966ರಲ್ಲಿ ಕರಕುಶಲ ಕಲೆಗಳಿಗೆ ಮರುಜೀವ ಕೊಟ್ಟ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರನ್ನೂ, 1991ರಲ್ಲಿ ಹೆಗ್ಗೋಡಿನಂಥ ಸಣ್ಣ ಊರಿನಲ್ಲಿ ನೀನಾಸಮ್ ಕಟ್ಟಿ ರೈತರಿಗೆ ಜಗತ್ತಿನ ನಾಟಕ, ಸಿನಿಮಾ ತೋರಿಸಿದ ಕೆ.ವಿ. ಸುಬ್ಬಣ್ಣನವರನ್ನೂ ಇದೇ ಪ್ರಶಸ್ತಿ ಗುರುತಿಸಿತ್ತು.

ಈ ಪ್ರಶಸ್ತಿಯ ಬಗ್ಗೆ ಆಕ್ಷೇಪಗಳಿಲ್ಲವೆಂದಲ್ಲ. ಅದರ ಹಿಂದಿರುವ ಹೆಸರು ಕಮ್ಯುನಿಸ್ಟ್ ಬಂಡಾಯವನ್ನು ಹತ್ತಿಕ್ಕಿದ ಫಿಲಿಪ್ಪೀನ್ಸ್‌ನ ಅಧ್ಯಕ್ಷರದು. ಆರಂಭದ ಹಣ ಬಂದದ್ದು ಅಮೆರಿಕದ ರಾಕೆಫೆಲ್ಲರ್ ಸಹೋದರರ ನಿಧಿಯಿಂದ. 2022ರಲ್ಲಿ ಕೇರಳದ ಮಾಜಿ ಆರೋಗ್ಯ ಸಚಿವೆ ಕೆ.ಕೆ. ಶೈಲಜಾ ಅದನ್ನು ನಿರಾಕರಿಸಿದರು. ಅವರ ಪಕ್ಷವಾದ ಸಿಪಿಎಂ ಆ ಇತಿಹಾಸವನ್ನು ಎತ್ತಿ ತೋರಿಸಿದ್ದು ನ್ಯಾಯವೇ. ಆದರೂ ಕೆ.ಜಿ.ಎಫ್.ನ ಒಬ್ಬ ದಲಿತ ಹೋರಾಟಗಾರನ ಮಾತು ಮನಿಲಾದ ವೇದಿಕೆಯಿಂದ ಏಷ್ಯಾಕ್ಕೆಲ್ಲ ಕೇಳಿಸಿದ್ದನ್ನು ಆ ಕಾರಣಕ್ಕಾಗಿ ಅಲ್ಲಗಳೆಯಲು ನನ್ನಿಂದಾಗದು.

ಈಗ ನಮ್ಮ ರಾಜ್ಯೋತ್ಸವ ಪ್ರಶಸ್ತಿಯನ್ನು ನೋಡಿ. ಐದು ಲಕ್ಷ ರೂಪಾಯಿ, 25 ಗ್ರಾಂ ಚಿನ್ನದ ಪದಕ ಕೊಡುವ ಇದು ಸಣ್ಣ ಗೌರವವೇನಲ್ಲ. ತಮಟೆ ಬಡಿಯುವವರು, ಸೂಲಗಿತ್ತಿಯರು, ರಂಗಕರ್ಮಿಗಳು, ಎಲೆಮರೆಯ ಕಾಯಿಯಂತೆ ದುಡಿದ ಎಷ್ಟೋ ಹಿರಿಯರು ಇದನ್ನು ಪಡೆದಿದ್ದಾರೆ ಎಂಬುದು ಹೆಮ್ಮೆಯ ವಿಷಯ. ಆದರೆ 2024ರಲ್ಲಿ 69 ಮಂದಿ, 2025ರಲ್ಲಿ 70 ಮಂದಿ ಎಂದು ರಾಜ್ಯೋತ್ಸವ ಎಷ್ಟನೆಯದು ಎಂಬ ಲೆಕ್ಕಕ್ಕೆ ಹೊಂದಿಸಿ ಪ್ರಕಟಿಸುವ ಪಟ್ಟಿ ನಮಗೆ ಸಿಗುವುದು ಕ್ಷೇತ್ರ, ಹೆಸರು, ಜಿಲ್ಲೆ ಎಂಬ ಮೂರು ಕಲಂಗಳಲ್ಲಿ. ‘ಸಮಾಜಸೇವೆ’ ಎಂಬ ಒಂದೇ ಪದದ ಮುಂದೆ ಹೆಸರಿದ್ದರೆ, ಅವರು ಶಾಲೆ ಕಟ್ಟಿಸಿದವರೋ, ಜೀತ ಬಿಡಿಸಿದವರೋ, ಓದುವವರಿಗೆ ತಿಳಿಯುವುದು ಹೇಗೆ? ಕಾರಣ ಹೇಳದಿದ್ದಾಗ ಜಾತಿ, ಜಿಲ್ಲೆ, ಶಿಫಾರಸುಗಳ ಗುಸುಗುಸು ಆ ಜಾಗವನ್ನು ತುಂಬುತ್ತದೆ. ನಿಜವಾಗಿ ದುಡಿದವರಿಗೂ ಅದರ ಮಸಿ ತಾಗುತ್ತದೆ.

ಪ್ರತಿ ಪುರಸ್ಕೃತರ ಬಗ್ಗೆ ಆಯ್ಕೆ ಸಮಿತಿಯೇ ಸಹಿ ಮಾಡಿದ ಒಂದು ಪುಟದ ಬರಹವನ್ನು ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಪಟ್ಟಿಯ ಜೊತೆಯಲ್ಲಿಯೇ ಪ್ರಕಟಿಸಲಿ. ಇದಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ. ಸಮಿತಿಯ ಸದಸ್ಯರು ಸಭೆಯಲ್ಲಿ ಆಡಿದ ಮಾತನ್ನು ಬರೆದುಕೊಟ್ಟರೆ ಸಾಕು. ಬರುವ ನವೆಂಬರ್ 1ರಿಂದಲೇ ಆರಂಭಿಸಬಹುದು.