ಎತ್ತಿದರೆ ಟಪ್!

ಚಟ್ನಿ ಅರ್ಧ ರುಬ್ಬಿತ್ತು. ಮಿಕ್ಸಿ ನಿಂತಿತು, ಫ್ಯಾನ್ ನಿಂತಿತು, ವೈಫೈಯೂ ಹೋಯಿತು. ಬಾಲ್ಕನಿಗೆ ಬಂದು ನೋಡಿದರೆ ಎದುರು ಮನೆಯಲ್ಲಿ ಟೀವಿ ಹಾಡುತ್ತಿದೆ. ಬೀದಿಗೆಲ್ಲ ಕರೆಂಟ್ ಹೋದರೆ ಏನೋ ಸಮಾಧಾನ. ನಮಗೊಬ್ಬರಿಗೇ ಹೋದರೆ ಬರುವ ಸಿಟ್ಟೇ ಬೇರೆ, ಅಲ್ವಾ?

ಬಾಗಿಲ ಹಿಂದಿನ ಬಾಕ್ಸ್ ತೆರೆದೆ. ಒಂದೊಂದು ಲೈನಿಗೊಂದರಂತೆ ಇರುವ ಪುಟ್ಟ ಸ್ವಿಚ್ಚುಗಳು, ಎಂಸಿಬಿಗಳು, ಎಲ್ಲ ಮೇಲೇ ಇವೆ. ಕರೆಂಟ್ ಸೋರಿದರೆ ತಾನಾಗಿ ಬೀಳುವ ಪಕ್ಕದ ದಪ್ಪ ಸ್ವಿಚ್ಚು, ಆರ್‌ಸಿಸಿಬಿ, ಮಾತ್ರ ಬಿದ್ದಿದೆ. ಎತ್ತಿದೆ. ಟಪ್. ಪೂರ್ತಿ ಕೆಳಗೆ ಒತ್ತಿ, ಆಮೇಲೆ ಎತ್ತಿದೆ. ಟಪ್. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರೆ, "ಇಲ್ಲೇ ಸಿಗ್ನಲ್‌ನಲ್ಲಿದ್ದೀನಿ ಮೇಡಂ" ಅಂದ. ಆ ಸಿಗ್ನಲ್ ಯಾವ ಜಿಲ್ಲೆಯದೋ.

ಅಷ್ಟರಲ್ಲಿ ಕೆಳಗಿನ ಮನೆಯಿಂದ ಓನರ್ ಅಂಕಲ್ ಬಂದರು. "ಈ ಕಡೆ ಬಾಮ್ಮ, ನಾನು ನೋಡ್ತೀನಿ." ಅವರ ಪಾಲಿಗೆ ನೋಡುವುದು ಅಂದರೆ ಎತ್ತುವುದು. ಟಪ್.

"ನಾನೂ ಎತ್ತಿದೆ ಅಂಕಲ್."

"ಹಾಗಲ್ಲ, ನಿಧಾನಕ್ಕೆ ಎತ್ತಬೇಕು."

ನಿಧಾನಕ್ಕೆ ಎತ್ತಿದರು. ಟಪ್. ಜೋರಾಗಿ ಎತ್ತಿದರು. ಟಪ್. ಕನ್ನಡಕ ತೆಗೆದು ಎತ್ತಿದರು. ಕೊನೆಗೆ ಪಂಚೆ ಮೇಲೆ ಕಟ್ಟಿ, ಲಿವರ್ ಎತ್ತಿ, ಹೆಬ್ಬೆರಳಿನಲ್ಲಿ ಅದುಮಿ ಹಿಡಿದುಕೊಂಡೇ ನಿಂತುಬಿಟ್ಟರು. "ನೋಡು, ಈಗ ನಿಂತಿತು!" ಫ್ಯಾನ್ ತಿರುಗಲಿಲ್ಲ. ಹಿಡಿ ಮೇಲಿದ್ದರೂ ಒಳಗೆ ಸಂಪರ್ಕ ಬಿಟ್ಟುಕೊಳ್ಳುವ ಹಾಗೇ ಅದನ್ನು ಮಾಡಿರುತ್ತಾರೆ. ಹೇಳಿದೆ. ಅವರು ಬೆರಳು ಬದಲಾಯಿಸಿದರು. ಪಾರ್ಸೆಲ್ ಕೊಡಲು ಬಂದ ಹುಡುಗನೂ, "ನಾನೊಂದ್ಸಲ ಟ್ರೈ ಮಾಡ್ಲಾ ಆಂಟಿ?" ಅಂದ.

ಅಪ್ಪನ ಕಾಲದಲ್ಲಿ ಪಿಂಗಾಣಿ ಫ್ಯೂಸ್ ಇತ್ತು. ಎಳೆದು ತೆಗೆದರೆ ತಂತಿ ತುಂಡಾಗಿರುವುದು ಕಾಣುತ್ತಿತ್ತು. ಅಪ್ಪ ಬನಿಯನ್ನಿನಲ್ಲಿ ಕೂತು ಹೊಸ ತಂತಿ ಕಟ್ಟುತ್ತಿದ್ದರು, ನಾನು ಟಾರ್ಚ್ ಹಿಡಿಯುತ್ತಿದ್ದೆ. ಸರಿಯಾಗಿ ಹಿಡಿದಿಲ್ಲ ಅಂತ ಬೈಸಿಕೊಳ್ಳುತ್ತಿದ್ದೆ. ಈಗ ಆ ಬೈಗುಳವೂ ಬೇಕು ಅನ್ನಿಸುತ್ತದೆ. ಆದರೆ ಆ ಫ್ಯೂಸ್ ಶಾಕ್ ಹೊಡೆಯುವುದನ್ನು ತಪ್ಪಿಸುತ್ತಿರಲಿಲ್ಲ. ಈ ಆರ್‌ಸಿಸಿಬಿ 30 ಮಿಲಿಆಂಪಿಯರ್ ಕರೆಂಟ್ ಸೋರಿದರೂ ಬೀಳುತ್ತದೆ. ಒಳ್ಳೆಯದೇ. ಎಲ್ಲಿ ಸೋರುತ್ತಿದೆ ಅಂತಲೂ ಹೇಳಿದ್ದರೆ ಇದರ ಗಂಟೇನು ಹೋಗುತ್ತಿತ್ತು?

ಎಂಸಿಬಿಗಳನ್ನೆಲ್ಲ ಇಳಿಸಿ ಒಂದೊಂದಾಗಿ ಎತ್ತಿದೆ. ಫ್ರಿಜ್ಜಿನದು ಎತ್ತಿದಾಗ ಆರ್‌ಸಿಸಿಬಿ ಬಿತ್ತು. ಫ್ರಿಜ್ ಬಿಟ್ಟು ಫ್ಯಾನಿನದು ಎತ್ತಿದರೆ ಆಗಲೂ ಬಿತ್ತು.

ಮಧ್ಯಾಹ್ನ ಸಿಗ್ನಲ್ ಬಿಟ್ಟಿತು. ಎಲೆಕ್ಟ್ರಿಷಿಯನ್ ಬಂದವನೇ, "ಪ್ಲಗ್‌ಗಳೆಲ್ಲ ಕಿತ್ತಿದ್ದೀರಾ?" ಅಂದ. ಸ್ವಿಚ್ ಆಫ್ ಇವೆಯಲ್ಲ? "ಸ್ವಿಚ್ಚು ಕರೆಂಟ್ ತರೋ ಫೇಸ್ ತಂತಿ ಮಾತ್ರ ಕಟ್ ಮಾಡುತ್ತೆ ಮೇಡಂ. ಕರೆಂಟ್ ವಾಪಸ್ ಹೋಗೋ ನ್ಯೂಟ್ರಲ್ ಹಾಗೇ ಇರುತ್ತೆ." ಯುಟಿಲಿಟಿಯಲ್ಲಿ ವಾಷಿಂಗ್ ಮೆಷಿನ್ ಆಫ್ ಆಗಿ ಪಾಪದ ಮುಖ ಮಾಡಿಕೊಂಡು ಕೂತಿತ್ತು. ಅದರ ಪ್ಲಗ್ ಕಿತ್ತ. ಬೋರ್‌ವೆಲ್ ನೀರಿಗೆ ಹೀಟರ್ ಕಾಯಿಲ್ ಸುಣ್ಣ ಕಟ್ಟಿ ಒಡೆದು, ನ್ಯೂಟ್ರಲ್ಲು ನೆಲಕ್ಕೆ ಹೋಗುವ ಅರ್ತ್‌ ತಂತಿಗೆ ತಗುಲಿತ್ತಂತೆ. ಅದಕ್ಕೇ ಫ್ರಿಜ್ಜಾಗಲಿ ಫ್ಯಾನಾಗಲಿ, ಯಾವುದನ್ನು ಎತ್ತಿದರೂ ವಾಪಸ್ ಹೋಗುವ ಕರೆಂಟ್ ಅಲ್ಲಿ ಸೋರುತ್ತಿತ್ತು.

ಲಿವರ್ ಎತ್ತಲು ಅವನು ಕೈ ಚಾಚುವಷ್ಟರಲ್ಲಿ ಅಂಕಲ್ ನುಗ್ಗಿ ಎತ್ತಿದರು. ನಿಂತಿತು.

ಸಂಜೆ ಗೇಟಿನ ಹತ್ತಿರ ಎದುರು ಮನೆಯವರಿಗೆ ಹೇಳುತ್ತಿದ್ದರು: "ಕೊನೆಗೆ ನಾನೇ ಸರಿ ಮಾಡಿದೆ. ಎಲೆಕ್ಟ್ರಿಷಿಯನ್‌ಗೆ ಸುಮ್ನೆ ದುಡ್ಡು ಕೊಟ್ಳು, ಪಾಪ."