ಬಿಳಿ ಶೂ ವಿರುದ್ಧ ಮೂರನೇ ಕ್ಲಾಸ್

ಮಕ್ಕಳು ಸ್ಕೂಲ್ ರೂಲ್ಸ್ ವಿರುದ್ಧ ಕೋರ್ಟಿಗೆ ಹೋಗೋ ಮಕ್ಕಳ ಕಾದಂಬರಿ ಬರೀತೀನಿ ಅಂತ ತೀರ್ಥಹಳ್ಳಿಯ ವಕೀಲ ಗೆಳೆಯನಿಗೆ ಹೇಳಿದೆ. "ಮಕ್ಕಳು ಯಾಕೋ ಮಾರಾಯ, ಅವರ ಪರವಾಗಿ ದೊಡ್ಡೋರೇ ಸಾಕಷ್ಟು ಕುಣಿದಿದ್ದಾರಲ್ಲ" ಅಂದ.

ಸುಳ್ಳೇನಲ್ಲ. 2024ರ ಮಾರ್ಚ್ ನೆನಪು ಮಾಡ್ಕೊಳಿ. ಐದು, ಎಂಟು, ಒಂಬತ್ತನೇ ಕ್ಲಾಸಿಗೆ ಬೋರ್ಡ್ ಪರೀಕ್ಷೆ ಅಂತು ಸರ್ಕಾರ, ಹೈಕೋರ್ಟಿನ ಏಕಸದಸ್ಯ ಪೀಠ ಬೇಡ ಅಂತು, ಅದೇ ಕೋರ್ಟಿನ ಇಬ್ಬರು ಜಡ್ಜುಗಳ ವಿಭಾಗೀಯ ಪೀಠ ಬರೀಲಿ ಬಿಡಿ ಅಂತು, 11ಕ್ಕೆ ಪರೀಕ್ಷೆ ಶುರುನೂ ಆಯ್ತು, ಮಾರನೇ ದಿನವೇ ಸುಪ್ರೀಂ ಕೋರ್ಟಿಂದ ತಡೆ, ಮತ್ತೆ ವಿಭಾಗೀಯ ಪೀಠ ಹೂಂ ಅಂದ ಮೇಲೆ ಉಳಿದ ಪೇಪರ್ ತಿಂಗಳ ಕೊನೆಗೆ ಬರೆಸಿದ್ರು, ಏಪ್ರಿಲ್‌ನಲ್ಲಿ ರಿಸಲ್ಟ್ ಕೊಡ್ಬೇಡಿ ಅಂತ ಸುಪ್ರೀಂ ಕೋರ್ಟಿಂದ ಇನ್ನೊಂದು ತಡೆ! ಐದನೇ ಕ್ಲಾಸಿನ ಮಗು ಟೈಮ್‌ಟೇಬಲ್ ಬಿಟ್ಟು ನ್ಯೂಸ್ ಚಾನೆಲ್ ನೋಡ್ಕೊಂಡು ಓದ್ಬೇಕಾಯ್ತು. ಮಗ್ಗಿಗೂ ಸ್ಟೇ ಸಿಗುತ್ತಾ ಅಂತ ಅದು ಕೇಳಿದ್ರೆ ಏನ್ ತಪ್ಪು?

ಇದಕ್ಕಿಂತ ಮಕ್ಕಳೇ ಹೋಗಿದ್ರೆ ವಾಸಿ. ಹಿಂದೆ ಹೋಗಿ ಗೆದ್ದಿದ್ದೂ ಉಂಟು, ರಾಷ್ಟ್ರಗೀತೆಗೆ ಎದ್ದು ನಿಲ್ತೀವಿ ಆದ್ರೆ ನಮ್ಮ ಧರ್ಮದಲ್ಲಿ ಹಾಡೋ ಹಾಗಿಲ್ಲ ಅಂದು ಶಾಲೆಯಿಂದ ಹೊರಬಿದ್ದ ಕೇರಳದ ಮೂವರು ಮಕ್ಕಳನ್ನ ವಾಪಸ್ ಸೇರಿಸ್ಕೊಳಿ ಅಂತ 1986ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ನನ್ನ ಕಾದಂಬರಿಯದು ಅಷ್ಟು ದೊಡ್ಡ ತತ್ವ ಅಲ್ಲ, ಶನಿವಾರದ ಬಿಳಿ ಶೂ. ವರ್ಷಕ್ಕೆ 7 ಸಾವಿರ ಮಿಲಿಮೀಟರ್ ದಾಟಿ ಮಳೆ ಹೊಡೆಯೋ ಆಗುಂಬೆ ಕಡೆ, ಜುಲೈ ತಿಂಗಳಲ್ಲಿ, ಗದ್ದೆ ಬದುವಿನ ಮೇಲೆ ನಡ್ಕೊಂಡು ಬರೋ ಮಗುವಿಗೆ ಬಿಳಿ ಶೂ, ಬಿಳಿ ಸಾಕ್ಸ್! ಕೆಸರಾದ್ರೆ ದಂಡ. ಆಮೇಲೆ ಬ್ಯಾಗು. ಮೂರನೇ ಕ್ಲಾಸಿಗೆ 3 ಕೆಜಿ ದಾಟಬಾರದು ಅಂತ 2019ರಲ್ಲೇ ಸರ್ಕಾರದ ಸುತ್ತೋಲೆ ಬಂತು, ಒಣಗಿದಾಗಲೋ ನೆಂದಾಗಲೋ ಅಂತ ಬೆಂಗಳೂರಲ್ಲಿ ಕೂತು ತೂಗಿದೋರಿಗೆ ಹೊಳೀಲಿಲ್ಲ ಅನ್ಸುತ್ತೆ. ಮಳೆ ರಜೆ ಅಂತೂ ಮಕ್ಕಳು ಒದ್ದೆಯಾಗಿ ಶಾಲೆ ಗೇಟು ಮುಟ್ಟಿದ ಮೇಲೇ ವಾಟ್ಸಾಪಿಗೆ ಬರೋದು, ಆ ರಜೆ ತುಂಬಿಸೋಕೆ ಭಾನುವಾರ ಕ್ಲಾಸು ಬೇರೆ.

"ಕೇಸ್ ಗಟ್ಟಿ ಇದೆ, ಆದ್ರೆ ಮೈನರ್ ಅಲ್ವಾ, ಅಪ್ಪನೋ ಇನ್ಯಾರಾದ್ರೂ ದೊಡ್ಡೋರೋ ಸಹಿ ಹಾಕ್ಬೇಕು" ಅಂದ ಗೆಳೆಯ. ಕತೆ ಅಲ್ಲೇ ಎರಡು ಅಧ್ಯಾಯ ನಿಂತ್ಕೊಳ್ತು, ಪ್ರೋಗ್ರೆಸ್ ಕಾರ್ಡಿಗೇ ಅಪ್ಪನ ಸಹಿ ಕೇಳೋಕೆ ಹೆದರೋ ಹುಡುಗಿ ವಕಾಲತ್ತು ಹಿಡ್ಕೊಂಡು ಹೋಗ್ತಾಳಾ? ಕೊನೆಗೆ ಅಜ್ಜಿ ಹೆಬ್ಬೆಟ್ಟು ಒತ್ತಿದ್ರು.

ಬಿಳಿ ಶೂ ಅಂದ್ರೆ ಶಿಸ್ತು, ಸಮಾನತೆ ಅಂತ ಶಾಲೆ ಪರ ವಕೀಲರು ಅರ್ಧ ಗಂಟೆ ವಾದಿಸಿದ್ರು. ಎಲ್ರದ್ದೂ ಒಂದೇ ಥರ ಕೆಂಪು ಕೆಸರಾಗಿದೆ ಸ್ವಾಮಿ, ಸಮಾನತೆ ಬಂದಾಗಿದೆ ಅಂದ್ಳು ಹುಡುಗಿ. ಜಡ್ಜು ಶೂ ತೋರ್ಸಿ ಅಂದ್ರು. ಮೇಜಿನ ಮೇಲಿಟ್ಟ ಶೂ ಒಳಗಿಂದ ಒಂದು ಉಂಬಳ, ಅದೇ ರಕ್ತ ಹೀರೋ ಜಿಗಣೆ, ಮೆಲ್ಲಗೆ ಇಳಿದು ಎದುರು ವಕೀಲರ ಸಾಕ್ಸ್ ಒಳಗೆ ಹೋಯ್ತು. ಅವ್ರು ತಕ್ಷಣ ವಾಯಿದೆ ಕೇಳಿದ್ರು.