ಮಲ್ಲಿಗೆಗೆ ಈಗಲೇ ಕತ್ತರಿ ಬೇಡ

ದಸರಾ ಮುಗಿದ ಮೇಲಿನ ಕೈತೋಟದ ಕೆಲಸಗಳ ಬಗ್ಗೆ ಚೆನ್ನಾಗಿ ಬರೆದಿದ್ದೀರಿ. ಆದರೆ ಅಕ್ಟೋಬರ್‌ನಲ್ಲೇ ಎಲ್ಲ ಗಿಡಗಳನ್ನೂ ಸವರಿಬಿಡಿ ಅನ್ನುವ ಸಲಹೆ ಮಾತ್ರ ನನಗೆ ಒಪ್ಪಿಗೆಯಿಲ್ಲ.

ಗುಲಾಬಿಗೆ ಅದು ಸರಿ. ಹೊರಮುಖವಾಗಿರುವ, ಚಿಗುರೊಡೆಯುವ ಕಣ್ಣಿನ ಮೇಲೆ ಕಾಲು ಇಂಚು ಬಿಟ್ಟು ಓರೆಯಾಗಿ ಕತ್ತರಿಸಬೇಕು. ಕತ್ತರಿಸಿದ ಜಾಗದ ನಡುವೆ ಬೆಳ್ಳಗಿದ್ದರೆ ಕೊಂಬೆಗೆ ಜೀವ ಇದೆ. ಕಂದು ಕಂಡರೆ ಇನ್ನೂ ಸ್ವಲ್ಪ ಕೆಳಗೆ ಹೋಗಿ. ಆದರೆ ಬೆಂಗಳೂರು, ಮೈಸೂರು ಕಡೆ ಅಕ್ಟೋಬರ್‌ನಲ್ಲಿ ಇನ್ನೂ ಮಳೆ ಜಾಸ್ತಿ. ಹಸಿ ಗಾಯಕ್ಕೆ ನೀರು ಬಿದ್ದರೆ ಕೊಂಬೆ ತುದಿಯಿಂದ ಕಪ್ಪಾಗುತ್ತಾ ಒಣಗುತ್ತದೆ. ನಾಲ್ಕು ದಿನ ಬಿಸಿಲು ನೋಡಿಕೊಂಡು ಸವರಿ, ತುದಿಗೆ ಬೋರ್ಡೋ ಪೇಸ್ಟ್ (ಮೈಲುತುತ್ತ, ಸುಣ್ಣ ಕಲಸಿದ ಲೇಪ) ಹಚ್ಚಿ. ಕಪ್ಪು ಚುಕ್ಕೆ ಬಿದ್ದ ಎಲೆಗಳನ್ನು ಗೊಬ್ಬರದ ಗುಂಡಿಗೆ ಹಾಕಲೇಬೇಡಿ.

ದುಂಡು ಮಲ್ಲಿಗೆ ಹಾಗಲ್ಲ. ಅದನ್ನು ನವೆಂಬರ್ ಕೊನೆಯ ಹೊತ್ತಿಗೆ, ನೀರು ಕಡಿಮೆ ಮಾಡಿ, ನೆಲದಿಂದ ಒಂದೂವರೆ ಅಡಿ ಬಿಟ್ಟು ಸವರುತ್ತಾರೆ. ಮಾವಿನ ಸುದ್ದಿಗಂತೂ ಹೋಗಲೇಬೇಡಿ. ಹೂ ಬಿಡುವುದೇ ಬಲಿತ ಕೊಂಬೆಯ ತುದಿಯಲ್ಲಿ. ಈಗ ಅದನ್ನೇ ತೆಗೆದರೆ ಮುಂದಿನ ಬೇಸಿಗೆಗೆ ಹಣ್ಣು ಎಲ್ಲಿಂದ ಬರಬೇಕು, ಅಲ್ವಾ?

ಕುಂಡದಲ್ಲಿ ಮೆಂತ್ಯ, ಕೊತ್ತಂಬರಿ ಹಾಕುವವರು ಮಾತ್ರ ಯಾವುದಕ್ಕೂ ಕಾಯಬೇಕಿಲ್ಲ. ಕೊತ್ತಂಬರಿ ಬೀಜವನ್ನು ಚಪ್ಪಲಿಯಲ್ಲಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ.